ಎಲೆ ಮತ್ತು ಒಲೆ: ಮಾಯಾ ಮನೆಗಳ ಚಾಯಾ ಗಿಡ



ಜನರ ಸಸ್ಯಬಳಕೆಯನ್ನು ಕುರಿತ ಪುಸ್ತಕಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಪುಟದ ಎಡಕ್ಕೆ ಗಿಡದ ಹೆಸರು, ಬಲಕ್ಕೆ ರೋಗದ ಹೆಸರು, ನಡುವೆ ಒಂದು ಗೆರೆ. ಇಂಥ ಗಿಡ ಮೂತ್ರಕೋಶದ ಕಲ್ಲಿಗೆ, ಇಂಥದ್ದು ಮಲಬದ್ಧತೆಗೆ, ಇನ್ನೊಂದು ಬಾಣಂತಿಯ ಎದೆಹಾಲಿಗೆ. ಇಂಥ ಪಟ್ಟಿಗಳನ್ನು ಸಿದ್ಧಪಡಿಸಿದವರ ಶ್ರಮ ದೊಡ್ಡದು. ಅವರಿಲ್ಲದಿದ್ದರೆ ಎಷ್ಟೋ ಹೆಸರುಗಳೇ ಉಳಿಯುತ್ತಿರಲಿಲ್ಲ. ಆದರೂ ಪಟ್ಟಿಯ ಆ ನಡುಗೆರೆಯಲ್ಲೇ ಮುಖ್ಯವಾದದ್ದು ಕಳೆದುಹೋಗುತ್ತದೆ ಎಂಬುದು ಈ ಉಪನ್ಯಾಸದಲ್ಲಿ ನಾನು ಮಂಡಿಸಲಿರುವ ವಾದ. ಗಿಡಕ್ಕೂ ರೋಗಕ್ಕೂ ನಡುವೆ ಒಂದು ಸರಣಿ ಕೆಲಸವಿರುತ್ತದೆ: ಯಾವ ತಳಿ, ಎಷ್ಟು ಬಲಿತ ಎಲೆ, ಹೇಗೆ ಕೊಯ್ದದ್ದು, ಎಷ್ಟು ಹೊತ್ತು ಬೇಯಿಸಿದ್ದು, ಯಾವುದರ ಜೊತೆ ಉಂಡದ್ದು. ಜನರ ಅರಿವು ನೆಲೆಸಿರುವುದು ಆ ಕೆಲಸದಲ್ಲಿ. ಕೆಲಸವನ್ನು ಬಿಟ್ಟು ಗಿಡವನ್ನಷ್ಟೇ ಎತ್ತಿಕೊಂಡಾಗ ಅರಿವು ಹಿಂದೆ ಉಳಿಯುತ್ತದೆ. ಕೆಲವೊಮ್ಮೆ ಅಪಾಯವೂ ನಮ್ಮ ಜೊತೆ ಬರುತ್ತದೆ. ಇದನ್ನು ತೋರಿಸಲು ಮಧ್ಯ ಅಮೆರಿಕದ ಮಾಯಾ ಜನರ ಹಿತ್ತಿಲಿನ ಒಂದು ಪೊದೆಗಿಡವನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಚಾಯಾ.

ಗಿಡದ ನೆಲವನ್ನು ಮೊದಲು ನೋಡಬೇಕು. ಮೆಕ್ಸಿಕೊದ ಆಗ್ನೇಯಕ್ಕೆ ಚಾಚಿಕೊಂಡಿರುವ ಯುಕತಾನ್ ಪರ್ಯಾಯ ದ್ವೀಪ ಬಹುತೇಕ ಚಪ್ಪಟೆಯಾದ ಸುಣ್ಣಕಲ್ಲಿನ ಹಾಸು. ಕಲ್ಲಿನ ಮೇಲೆ ತೆಳುವಾದ ಮಣ್ಣು. ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ಹೊಳೆಯೇ ಇಲ್ಲ. ಮಳೆನೀರು ಕಲ್ಲಿನೊಳಕ್ಕೆ ಇಳಿದು, ಸೆನೋತೆ ಎಂದು ಕರೆಯುವ ಕುಳಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷದ ಅರ್ಧ ಭಾಗ ಒಣಗಾಲ. ಇಲ್ಲಿನ ರೈತರು ಹೊಲದಲ್ಲಿ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಯುತ್ತಾರೆ. ಮನೆಯ ಸುತ್ತಿನ ಹಿತ್ತಿಲಲ್ಲಿ ಹಣ್ಣು, ಸೊಪ್ಪು, ಮದ್ದಿನ ಗಿಡ, ಕೋಳಿ ಇವೆಲ್ಲ ಇರುತ್ತವೆ. ಮಾಯಾ ಎಂದ ಕೂಡಲೇ ಕಾಡಿನಲ್ಲಿ ಮುಳುಗಿಹೋದ ಪಿರಮಿಡ್ಡುಗಳನ್ನಷ್ಟೇ ನೆನೆಯುವವರಿಗೆ ಒಂದು ಮಾತು ಹೇಳಬೇಕು. ಈ ಜನ ಎಲ್ಲಿಗೂ ಹೋಗಿಲ್ಲ. 2020ರ ಮೆಕ್ಸಿಕೊ ಜನಗಣತಿಯಲ್ಲಿ ಯುಕತಾನಿನ ಮಾಯಾ ಭಾಷೆಯನ್ನಾಡುವವರೇ ಏಳೂವರೆ ಲಕ್ಷಕ್ಕೂ ಹೆಚ್ಚು. ಗ್ವಾಟೆಮಾಲಾ, ಬೆಲೀಜ್, ಮೆಕ್ಸಿಕೊದ ಚಿಯಾಪಾಸ್‌ಗಳಲ್ಲಿ ಅದೇ ಕುಟುಂಬದ ಬೇರೆ ಭಾಷೆಗಳನ್ನಾಡುವವರು ಇನ್ನೂ ಲಕ್ಷಗಟ್ಟಲೆ ಇದ್ದಾರೆ. ಚಾಯಾ ಇಂದಿಗೂ ಅವರ ಹಿತ್ತಿಲಿನಲ್ಲೇ ಇದೆ.

ಚಾಯಾ ನಮ್ಮ ಹರಳು ಮತ್ತು ಮರಗೆಣಸಿನ ಕುಟುಂಬಕ್ಕೆ ಸೇರಿದ ಸಸ್ಯ. ಫಿಲಿಪ್ ಮಿಲ್ಲರ್ ಎಂಬ ಇಂಗ್ಲಿಷ್ ಸಸ್ಯತಜ್ಞ 1768ರಲ್ಲಿ ಇದನ್ನು ಜಟ್ರೋಫಾ ಗುಂಪಿನಲ್ಲಿ ಹೆಸರಿಸಿದ. ಈಗಿನ ಶಾಸ್ತ್ರೀಯ ಹೆಸರು ನಿಡೋಸ್ಕೋಲಸ್ ಅಕೊನಿಟಿಫೋಲಿಯಸ್. ಬಿಟ್ಟರೆ ಆಳಿಗಿಂತ ಎತ್ತರಕ್ಕೆ ಹೋಗುತ್ತದೆ, ಆದರೆ ಮನೆಯವರು ಕೈಗೆಟುಕುವಷ್ಟಕ್ಕೆ ಕಡಿದು ಪೊದೆಯಾಗಿಯೇ ಇಡುತ್ತಾರೆ. ಅಂಗೈಯಂತೆ ಸೀಳಿದ ಅಗಲವಾದ ಎಲೆ, ಮುರಿದರೆ ಬಿಳಿ ಹಾಲು, ಗೊಂಚಲಾಗಿ ಬಿಡುವ ಸಣ್ಣ ಬಿಳಿ ಹೂ. ಕಾಡು ಗಿಡದ ಎಲೆ ಮತ್ತು ತೊಟ್ಟಿನ ತುಂಬ ಚುಚ್ಚುವ ರೋಮಗಳು. ಮುಟ್ಟಿದರೆ ತುರಿಚೆ ಗಿಡ ತಾಗಿದಂತೆ ಚರ್ಮ ಉರಿದು ದದ್ದು ಏಳುತ್ತದೆ. ಹಿತ್ತಿಲಿನ ತಳಿಗಳಲ್ಲಿ ಈ ರೋಮ ಕಡಿಮೆ. ಆದರೂ ಅನುಭವಸ್ಥ ಹೆಂಗಸರು ಕೈಗೆ ಬಟ್ಟೆಯನ್ನೋ ಪ್ಲಾಸ್ಟಿಕ್ ಚೀಲವನ್ನೋ ಸುತ್ತಿಕೊಂಡು ಕೊಯ್ಯುತ್ತಾರೆ. ಬೆಂದ ಮೇಲೆ ರೋಮಕ್ಕೆ ಚುಚ್ಚುವ ಶಕ್ತಿ ಉಳಿಯುವುದಿಲ್ಲ.

ಅಡುಗೆಯಲ್ಲಿ ಚಾಯಾದ ಜಾಗ ನಮ್ಮಲ್ಲಿ ದಿನಬಳಕೆಯ ಸೊಪ್ಪಿಗಿರುವ ಜಾಗವೇ. ಹೆಚ್ಚಿ ಬೇಯಿಸಿ ಮೊಟ್ಟೆಯೊಂದಿಗೆ ಬಾಡಿಸುತ್ತಾರೆ, ಕಾಳಿನ ಸಾರಿಗೆ ಹಾಕುತ್ತಾರೆ, ಮಾಂಸ ಬೇಯಿಸುವಾಗ ಎಲೆಯನ್ನೇ ಹೊದಿಸುತ್ತಾರೆ. ತ್ಸೊತೊಬಿಲ್‌ಚಾಯ್ ಎಂಬ ತಿನಿಸನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನನ್ನ ವಾದಕ್ಕೆ ಅದರ ಪದರಗಳೇ ಸಾಕ್ಷಿ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ಅರೆದು ಹಿಟ್ಟು ಮಾಡುತ್ತಾರೆ. ಹೆಚ್ಚಿದ ಚಾಯಾವನ್ನು ಅದಕ್ಕೆ ಕಲಸಿ, ಎಲೆಯ ಮೇಲೆ ಹರಡಿ, ನಡುವೆ ಬೇಯಿಸಿದ ಮೊಟ್ಟೆ ಮತ್ತು ಹುರಿದು ಪುಡಿ ಮಾಡಿದ ಕುಂಬಳದ ಬೀಜ ಇಟ್ಟು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಬಡಿಸುವಾಗ ಮೇಲೆ ಟೊಮೇಟೊ ಗೊಜ್ಜು. ಧಾನ್ಯ, ಎಣ್ಣೆಬೀಜ, ಮೊಟ್ಟೆ, ಹಸಿರು ಸೊಪ್ಪು ನಾಲ್ಕೂ ಒಂದೇ ತುತ್ತಿನಲ್ಲಿ ಸೇರುತ್ತವೆ. ನೂರು ಗ್ರಾಂ ಹಸಿ ಚಾಯಾ ಎಲೆಯಲ್ಲಿ ಸುಮಾರು 5.7 ಗ್ರಾಂ ಪ್ರೋಟೀನ್ ಇರುವುದಾಗಿ ಪೋಷಕಾಂಶದ ವಿಶ್ಲೇಷಣೆಗಳು ಹೇಳುತ್ತವೆ. ಪಾಲಕ್‌ನಲ್ಲಿ ಸಿಗುವುದಕ್ಕಿಂತ ಇದು ಹೆಚ್ಚೂಕಡಿಮೆ ಇಮ್ಮಡಿ. ಕ್ಯಾಲ್ಸಿಯಂ, ಕಬ್ಬಿಣ, ಸಿ ವಿಟಮಿನ್‌ಗಳೂ ಧಾರಾಳ. ಒಣಗಾಲದಲ್ಲೂ ಹಸಿರಾಗಿ ನಿಲ್ಲಬಲ್ಲ ಇಂಥ ಸೊಪ್ಪು ಆ ಸುಣ್ಣಕಲ್ಲಿನ ನಾಡಿನ ಮನೆಗೆ ಎಷ್ಟು ಆಸರೆ ಎಂಬುದನ್ನು ವಿವರಿಸಬೇಕಿಲ್ಲ. ಇದೇ ಗಿಡ ಹಿತ್ತಿಲಿಗೆ ಜೀವಂತ ಬೇಲಿಯಾಗುತ್ತದೆ, ಎಲೆ ಕೋಳಿಗಳಿಗೆ ಮೇವಾಗುತ್ತದೆ.

ಇನ್ನು ಮದ್ದು. ಚಾಯಾದ ಎಳೆ ಕುಡಿ ಮತ್ತು ಎಲೆಯನ್ನು ಮೂತ್ರ ಸಲೀಸಾಗಲು, ಮಲ ಸಡಿಲಾಗಲು, ಜೀರ್ಣಶಕ್ತಿಗೆ, ಮೂತ್ರಕೋಶದ ಕಲ್ಲಿಗೆ, ಮೂಲವ್ಯಾಧಿಗೆ, ಎದೆಹಾಲು ಹೆಚ್ಚಲು, ಉಗುರು ಗಟ್ಟಿಯಾಗಲು ಬಳಸುವುದು ದಾಖಲಾಗಿದೆ. ಈ ಸಾಲನ್ನು ಎರಡು ಅಂಕಣಗಳ ಪಟ್ಟಿಯಾಗಿ ಓದಿದರೆ ಒಂದೇ ಎಲೆಗೆ ಹತ್ತು ಪವಾಡಗಳನ್ನು ಆರೋಪಿಸಿದಂತೆ ಕಾಣುತ್ತದೆ, ನಂಬಿಕೆಯೂ ಹುಟ್ಟುವುದಿಲ್ಲ. ಊಟದ ಬದಿಯಿಂದ ಓದಿದರೆ ಬೇರೆಯೇ ಅರ್ಥ ಬರುತ್ತದೆ. ನಾರು ಮತ್ತು ಖನಿಜ ತುಂಬಿದ ಸೊಪ್ಪನ್ನು ವಾರದಲ್ಲಿ ಹಲವು ದಿನ ಉಣ್ಣುವ ಮನೆಯಲ್ಲಿ ಮಲಬದ್ಧತೆ ಕಡಿಮೆಯಾಗುವುದು, ಬಾಣಂತಿಯ ಮೈ ತುಂಬಿಕೊಳ್ಳುವುದು ಸಹಜವೇ. ಮಾಯಾ ಮನೆಯಲ್ಲಿ ಸಾರು ಒಂದು ಹಂತದಲ್ಲಿ ಕಷಾಯವಾಗುತ್ತದೆ, ಕಷಾಯ ಇನ್ನೊಂದು ದಿನ ಸಾರಾಗುತ್ತದೆ. ಔಷಧದ ಕಪಾಟು ಬೇರೆ, ಅಡುಗೆಮನೆ ಬೇರೆ ಎಂಬ ವಿಂಗಡಣೆ ದಾಖಲಿಸಿದವರದು. ಮಾಯಾ ಜನರಲ್ಲಿ ಹ್ಮೆನ್ ಎಂಬ ಮಂತ್ರಜ್ಞ ವೈದ್ಯರಿದ್ದಾರೆ, ಸೂಲಗಿತ್ತಿಯರಿದ್ದಾರೆ, ಮೂಳೆ ಕೂಡಿಸುವವರಿದ್ದಾರೆ. ಅವರ ವಿದ್ಯೆ ವಿಶೇಷವಾದದ್ದು, ಗೌರವಕ್ಕೆ ಅರ್ಹವಾದದ್ದು. ಚಾಯಾದ ವಿದ್ಯೆ ಮಾತ್ರ ದಿನವೂ ಒಲೆ ಹಚ್ಚುವ ಹೆಂಗಸರದು. ಹಾಗಾಗಿಯೇ ಅದನ್ನು ವಿದ್ಯೆ ಎಂದು ಗುರುತಿಸಲು ವಿದ್ವಾಂಸರಿಗೆ ತಡವಾಯಿತು.

ಅದು ವಿದ್ಯೆ ಎನ್ನಲು ಬಲವಾದ ಕಾರಣ ಎಲೆಯೊಳಗಿನ ರಸಾಯನದಲ್ಲಿದೆ. ಮರಗೆಣಸಿನಲ್ಲಿರುವ ಲಿನಮಾರಿನ್ ಎಂಬ ಸಂಯುಕ್ತ ಚಾಯಾದಲ್ಲೂ ಇದೆ. ಜೀವಕೋಶದ ಒಳಚೀಲದಲ್ಲಿ ಅದು ಸುಮ್ಮನಿರುತ್ತದೆ. ಎಲೆಯನ್ನು ಜಜ್ಜಿದಾಗ, ಅರೆದಾಗ ಅಥವಾ ಅಗಿದಾಗ ಕೋಶ ಒಡೆದು, ಲಿನಮಾರಿನ್ ಕೋಶಭಿತ್ತಿಯಲ್ಲಿರುವ ಕಿಣ್ವದೊಂದಿಗೆ ಬೆರೆತು ಒಡೆಯುತ್ತದೆ. ಆಗ ಬಿಡುಗಡೆಯಾಗುವುದು ಹೈಡ್ರೋಜನ್ ಸಯನೈಡ್. ಸಯನೈಡ್ ಎಂಬ ಹೆಸರು ಹೆದರಿಸುತ್ತದೆ, ಆದರೆ ಈ ವಸ್ತುವಿನ ಒಂದು ಗುಣ ಅಡುಗೆಯವರ ಪರವಾಗಿದೆ. ಅದು ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುತ್ತದೆ. ಹೆಚ್ಚಿದ ಎಲೆಯನ್ನು ತೆರೆದ ಪಾತ್ರೆಯಲ್ಲಿ ಕಾಲು ಗಂಟೆಗೂ ಮಿಕ್ಕಿ ಕುದಿಸಿದರೆ ಬಹುಪಾಲು ಹಾರಿಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ನೀರಿಗೆ ಇಳಿಯುತ್ತದೆ. ಹೆಚ್ಚುವುದು, ಕುದಿಸುವುದು, ಮುಚ್ಚದಿರುವುದು ಮೂರೂ ಸೇರಿದಾಗ ಎಲೆ ಆಹಾರವಾಗುತ್ತದೆ. ಪಟ್ಟಿಯ ನಡುಗೆರೆಯಲ್ಲಿ ಕಳೆದುಹೋಗುವುದು ಇದೇ.

ಇಲ್ಲಿ ಏಳುವ ಮೊದಲ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಲೋಕದ ಬಹಳಷ್ಟು ಜನ ಸೊಪ್ಪನ್ನು ಬೇಯಿಸಿಯೇ ತಿನ್ನುತ್ತಾರೆ. ಮಾಯಾ ಜನ ಕೂಡ ರುಚಿಗಾಗಿ, ಮೆತ್ತಗಾಗಲೆಂದು ಬೇಯಿಸಿದರು. ಸಯನೈಡ್ ಹೋದದ್ದು ಆಕಸ್ಮಿಕ. ಆಕಸ್ಮಿಕಕ್ಕೆ ಅರಿವಿನ ಪಟ್ಟ ಕಟ್ಟುವುದೇಕೆ ಎಂದು ಕೇಳಬಹುದು. ಅವರಿಗೆ ಲಿನಮಾರಿನ್ ಗೊತ್ತಿತ್ತು ಎಂದು ನಾನೂ ಹೇಳುವುದಿಲ್ಲ. ಆದರೆ ಗಿಡದ ಮೈಯಲ್ಲೇ ಇದಕ್ಕೆ ಉತ್ತರವಿದೆ. ಜೆಫ್ರಿ ರಾಸ್-ಇಬಾರ್ರಾ ಮತ್ತು ಆಲ್ವಾರೊ ಮೊಲಿನಾ-ಕ್ರೂಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಹಿತ್ತಿಲಿನ ಚಾಯಾದಲ್ಲಿ ನಾಲ್ಕು ತಳಿಗಳನ್ನು ಗುರುತಿಸುತ್ತದೆ: ಎಸ್ತ್ರೆಯಾ, ಪಿಕೂದಾ, ರೆದೋಂದಾ, ಚಾಯಾಮಾನ್ಸಾ. ಇವುಗಳಲ್ಲಿ ಚಾಯಾಮಾನ್ಸಾ ಹೆಚ್ಚು ಪಳಗಿದ ತಳಿ. ಅದರಲ್ಲಿ ಚುಚ್ಚುವ ರೋಮ ಅತಿ ಕಡಿಮೆ, ಪರಾಗ ಬಹುತೇಕ ಬಂಜೆ, ಕಾಯಿ ಕಟ್ಟುವುದೇ ಅಪರೂಪ. ಅಂದರೆ ಈ ಗಿಡ ತಾನಾಗಿ ಹರಡಲಾರದು. ಯಾರೋ ಒಬ್ಬರು ಗೆಲ್ಲು ಕಡಿದು, ಕೆಲವು ದಿನ ನೆರಳಿನಲ್ಲಿಟ್ಟು, ಕಡಿದ ಬಾಯಿ ಒಣಗಿ ಹಾಲು ಗಟ್ಟಿಯಾದ ಮೇಲೆ ನೆಲಕ್ಕೆ ಊರಬೇಕು. ಹಸಿಯಾಗಿಯೇ ಊರಿದರೆ ಕೊಳೆಯುತ್ತದೆ. ಇಂದು ಯುಕತಾನಿನಲ್ಲಿರುವ ಒಂದೊಂದು ಚಾಯಾಮಾನ್ಸಾ ಗಿಡವೂ ಹೀಗೆ ಕೈಯಿಂದ ಕೈಗೆ ದಾಟಿ ಬಂದದ್ದು. ಕಡಿಮೆ ಚುಚ್ಚುವ ಗೆಲ್ಲನ್ನು ಗುರುತಿಸಿ, ಅದನ್ನೇ ಉಳಿಸಿ, ನೆರೆಮನೆಗೂ ಕೊಟ್ಟ ತಲೆಮಾರುಗಳಿಲ್ಲದೆ ಈ ತಳಿ ಇರಲು ಸಾಧ್ಯವೇ ಇಲ್ಲ. ರುಚಿಯೂ ಒಂದು ಪರೀಕ್ಷೆಯೇ, ಹೊಟ್ಟೆಯ ನೆಮ್ಮದಿಯೂ ಪರೀಕ್ಷೆಯೇ. ಫಲಿತಾಂಶವನ್ನು ಗಮನಿಸಿ, ಒಳ್ಳೆಯದನ್ನು ಉಳಿಸಿ, ಕೆಟ್ಟದ್ದನ್ನು ಬಿಡುವ ಕ್ರಮ ಎಲ್ಲಿದೆಯೋ ಅಲ್ಲಿ ಆಕಸ್ಮಿಕ ಎಂಬ ಮಾತಿಗೆ ಹೆಚ್ಚು ಜಾಗವಿಲ್ಲ.

ಇನ್ನೊಂದು ಆಕ್ಷೇಪ ಇತಿಹಾಸದವರದು. ಪ್ರಾಚೀನ ಮಾಯಾ ನಗರಗಳಲ್ಲಿ ಚಾಯಾ ಬೆಳೆಯುತ್ತಿದ್ದರು ಎನ್ನಲು ಉತ್ಖನನದ ಪುರಾವೆ ಎಲ್ಲಿ? ಮೆಕ್ಕೆಜೋಳದ ಕಾಳು ಸಿಗುತ್ತದೆ, ಕುಂಬಳದ ಬೀಜ ಸಿಗುತ್ತದೆ, ಕೋಕೋದ ಗುರುತು ಮಡಕೆಗಳ ಒಳಗೆ ಸಿಗುತ್ತದೆ, ಚಾಯಾದ್ದು ಸಿಗುವುದಿಲ್ಲ. ಈ ಮಾತು ನಿಜ, ಚಾಯಾವನ್ನು ಮಾಯಾ ಸಾಮ್ರಾಜ್ಯಗಳ ರಹಸ್ಯ ಆಹಾರವೆಂದು ಬಣ್ಣಿಸುವ ಪ್ರಚಾರದ ಬರಹಗಳನ್ನು ನಾನು ಒಪ್ಪುವುದಿಲ್ಲ. ಆದರೆ ಪುರಾವೆ ಏಕಿಲ್ಲ ಎಂದು ಕೇಳಿಕೊಂಡರೆ ಉತ್ತರ ಮತ್ತೆ ಆ ಗಿಡದ ಪಳಗುವಿಕೆಗೇ ಬಂದು ಸೇರುತ್ತದೆ. ಸೊಪ್ಪು ಕೊಳೆಯುತ್ತದೆ, ಮೆದುವಾದ ಕಾಂಡವೂ ಕೊಳೆಯುತ್ತದೆ. ಬೀಜವಿಲ್ಲದ, ಪರಾಗ ಬಂಜೆಯಾದ ಗಿಡ ಮಣ್ಣಿನಲ್ಲಿ ಏನನ್ನು ಬಿಟ್ಟುಹೋದೀತು? ಬರಹದ ಪುರಾವೆಯ ಕತೆ ಇನ್ನೂ ನೋವಿನದು. 1562ರ ಜುಲೈಯಲ್ಲಿ ಮಾನಿ ಎಂಬ ಊರಿನಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ದಿಯೆಗೊ ದೆ ಲಾಂದಾ ಮಾಯಾ ಹಸ್ತಪ್ರತಿಗಳನ್ನು ಸುಡಿಸಿದ. ಇಂದು ಉಳಿದಿರುವ ಹಳೆಯ ಮಾಯಾ ಪುಸ್ತಕಗಳು ಬರೀ ನಾಲ್ಕು. ಆಮೇಲೆ ಲ್ಯಾಟಿನ್ ಅಕ್ಷರಗಳಲ್ಲಿ ಮಾಯಾ ಭಾಷೆಯವರೇ ಬರೆದುಕೊಂಡ ಮಂತ್ರ ಮತ್ತು ಮದ್ದಿನ ಹಸ್ತಪ್ರತಿಗಳು ಕೆಲವು ಉಳಿದವು. ರಾಲ್ಫ್ ರಾಯ್ಸ್ 1931ರಲ್ಲಿ ಅಂಥ ಹಸ್ತಪ್ರತಿಗಳನ್ನು ಆಧರಿಸಿ ಮಾಯಾ ಸಸ್ಯಜ್ಞಾನದ ಗ್ರಂಥ ಪ್ರಕಟಿಸಿದರು. ವೈದ್ಯರು ಬರೆದುಕೊಂಡದ್ದು ವೈದ್ಯರ ವಿದ್ಯೆಯನ್ನು. ದಿನದ ಸೊಪ್ಪನ್ನು ಎಷ್ಟು ಹೊತ್ತು ಕುದಿಸಬೇಕೆಂದು ಯಾರೂ ಬರೆದಿಡುವುದಿಲ್ಲ, ಏಕೆಂದರೆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತು.

ಕೆಲಸವನ್ನು ಬಿಟ್ಟು ಗಿಡವನ್ನು ಕೊಂಡೊಯ್ದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಇತಿಹಾಸದಲ್ಲಿ ಎರಡು ದೊಡ್ಡ ದಾಖಲೆಗಳಿವೆ. ಒಂದು ಅದೇ ನೆಲದ ಮೆಕ್ಕೆಜೋಳದ್ದು. ಸುಣ್ಣದ ನೀರಿನಲ್ಲಿ ಬೇಯಿಸುವ ಪದ್ಧತಿ ಕಾಳಿನಲ್ಲಿ ಬಂಧಿತವಾಗಿರುವ ನಿಯಾಸಿನ್ ವಿಟಮಿನ್ನನ್ನು ಬಿಡಿಸಿ ಮೈಗೆ ಹತ್ತುವಂತೆ ಮಾಡುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣವನ್ನು ಒಯ್ಯಲಿಲ್ಲ. 1735ರಲ್ಲಿ ಸ್ಪೇನಿನ ಅಸ್ತೂರಿಯಾಸ್‌ನಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯ ಬಡ ರೈತರ ಕುತ್ತಿಗೆ, ಕೈಗಳ ಚರ್ಮ ಸುಲಿಯುವ ಒಂದು ರೋಗವನ್ನು ವಿವರಿಸಿದ. ಅದೇ ಪೆಲಾಗ್ರ. ಇಟಲಿಯ ಹಳ್ಳಿಗಳನ್ನು ಅದು ಕಾಡಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅಸಂಖ್ಯ ಜನರನ್ನು ಬಲಿ ತೆಗೆದುಕೊಂಡಿತು. ಸೋಂಕಲ್ಲ, ಊಟದ ಕೊರತೆ ಎಂದು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಡಬೇಕಾಯಿತು. ಎರಡನೆಯದು ಚಾಯಾದ ಬಂಧು ಮರಗೆಣಸಿನದು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಕಹಿ ಮರಗೆಣಸನ್ನು ತುರಿದು, ಹಿಂಡಿ, ಹುರಿದು ತಿನ್ನುತ್ತಾರೆ. ಬೆಳೆ ಆಫ್ರಿಕಕ್ಕೆ ಹೋದ ಮೇಲೆ ಅಲ್ಲಿಯ ಜನರೂ ನೆನೆಹಾಕಿ, ಒಣಗಿಸಿ ತಮ್ಮದೇ ಕ್ರಮಗಳನ್ನು ರೂಪಿಸಿಕೊಂಡರು. ಆದರೆ 1981ರ ಬರಗಾಲದಲ್ಲಿ ಮೊಜಾಂಬಿಕ್‌ನ ನಂಪೂಲಾ ಪ್ರಾಂತ್ಯದಲ್ಲಿ ಹಸಿವು ತಾಳದೆ ಆ ಕ್ರಮವನ್ನು ಮೊಟಕುಗೊಳಿಸಿದಾಗ ಸಾವಿರಕ್ಕೂ ಹೆಚ್ಚು ಮಂದಿಯ ಕಾಲುಗಳು ಶಾಶ್ವತವಾಗಿ ಸೆಟೆದುಕೊಂಡವು; ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಆ ರೋಗದ ಹೆಸರು ಕೊಂಜೊ. ಗಿಡ ಅದೇ, ಗೆಣಸು ಅದೇ. ಬಿಟ್ಟುಹೋದದ್ದು ಕೆಲವು ದಿನಗಳ ಕೆಲಸ. ಚಾಯಾದಿಂದ ಇಂಥ ದುರಂತವಾಗಿದೆ ಎಂದು ನಾನು ಹೇಳುತ್ತಿಲ್ಲ. ಅದು ಸೊಪ್ಪು, ಹೊಟ್ಟೆ ತುಂಬಿಸುವ ಮುಖ್ಯ ಆಹಾರವಲ್ಲ, ಪ್ರಮಾಣವೂ ಕಡಿಮೆ. ತತ್ತ್ವ ಮಾತ್ರ ಒಂದೇ.

ಮೂರನೆಯ ಆಕ್ಷೇಪ ಆಧುನಿಕ ವೈದ್ಯಶಾಸ್ತ್ರದ್ದು, ಎಲ್ಲಕ್ಕಿಂತ ಗಂಭೀರವಾದದ್ದು. ಪದ್ಧತಿ ಎಷ್ಟೇ ಸೊಗಸಾಗಿರಲಿ, ಚಾಯಾ ರೋಗ ಗುಣಪಡಿಸುತ್ತದೆಯೇ? ಸಕ್ಕರೆ ಕಾಯಿಲೆಗೆ ಇದು ರಾಮಬಾಣ ಎಂಬ ಮಾತು ಈಗ ದೇಶದೇಶಗಳಲ್ಲಿ ಹರಡಿದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ರಕ್ತದ ಸಕ್ಕರೆ ಇಳಿದದ್ದು ವರದಿಯಾಗಿದೆ. ಮನುಷ್ಯರ ಮೇಲಿನ ದೊಡ್ಡ, ನಂಬಲರ್ಹ ಪ್ರಯೋಗಗಳ ಬಲ ಆ ಮಾತಿಗೆ ಇಲ್ಲ. ಆದ್ದರಿಂದ ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಚಾಯಾ ಕಷಾಯ ಕುಡಿಯುವುದು ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಈ ತಪ್ಪು ಹುಟ್ಟಿದ್ದು ಮಾಯಾ ಮನೆಯಲ್ಲೇ ಎಂದು ಹೇಳಲಾಗದು. 1970ರ ದಶಕದಲ್ಲಿ ಯುಕತಾನಿನ ಲೇಖಕ ಹೊಸೆ ದಿಯಾಸ್ ಬೋಲಿಯೊ ಚಾಯಾವನ್ನು ಅದ್ಭುತ ಸಸ್ಯವೆಂದು ಕೊಂಡಾಡಿ ಪುಸ್ತಕ ಬರೆದರು. ಮುಂದೆ ಒಬ್ಬರಿಂದೊಬ್ಬರು ನಕಲು ಮಾಡಿದ ರೋಗಪಟ್ಟಿಗಳಲ್ಲಿ ಸಕ್ಕರೆ ಕಾಯಿಲೆ ಮೇಲಿನ ಸಾಲಿಗೆ ಬಂತು. ಅದೇ ದಶಕಗಳಲ್ಲಿ ಮೆಕ್ಸಿಕೊದ ಊಟವೇ ಬದಲಾಗುತ್ತಿತ್ತು. ತಂಪುಪಾನೀಯ ಎಷ್ಟು ಹಬ್ಬಿತೆಂದರೆ 2014ರಲ್ಲಿ ಆ ದೇಶ ಸಕ್ಕರೆ ಪಾನೀಯಗಳ ಮೇಲೆ ಪ್ರತ್ಯೇಕ ತೆರಿಗೆಯನ್ನೇ ಹಾಕಬೇಕಾಯಿತು. ಮೆಕ್ಕೆಜೋಳದ ರೊಟ್ಟಿ, ಕಾಳು, ಕುಂಬಳದ ಬೀಜ, ಚಾಯಾ ಇದ್ದ ತಟ್ಟೆಯಿಂದ ಉಳಿದದ್ದನ್ನೆಲ್ಲ ತೆಗೆದು, ಬಿಳಿ ಬ್ರೆಡ್ಡು ಮತ್ತು ಸಿಹಿ ಪಾನೀಯ ಇಟ್ಟು, ಚಾಯಾವನ್ನು ಮಾತ್ರ ಪುಡಿ ಮಾಡಿ ಗುಳಿಗೆಯಲ್ಲಿ ತುಂಬಿ ನುಂಗಿದರೆ ಅದು ಯಾವ ಸಂಪ್ರದಾಯವೂ ಅಲ್ಲ. ಪರೀಕ್ಷಿಸಬೇಕಾದದ್ದು ಆ ತಟ್ಟೆಯನ್ನು. ಸಂಪ್ರದಾಯಕ್ಕೆ ವೈಜ್ಞಾನಿಕ ಪರೀಕ್ಷೆ ಬೇಡ ಎನ್ನುವವರ ಪಕ್ಷ ನನ್ನದಲ್ಲ; ಪರೀಕ್ಷೆ ನಿಜವಾದ ಬಳಕೆಯದ್ದಾಗಿರಲಿ ಎಂಬುದಷ್ಟೇ ನನ್ನ ಕೋರಿಕೆ. ಬೇಯಿಸಿದರೆ ಸಿ ವಿಟಮಿನ್ ಕಡಿಮೆಯಾಗುತ್ತದೆ, ಹಸಿ ರಸವೇ ಒಳ್ಳೆಯದು ಎನ್ನುವವರಿಗೂ ಇದೇ ಉತ್ತರ: ಸಿ ವಿಟಮಿನ್ನಿಗೆ ನಿಂಬೆಹಣ್ಣಿದೆ, ಪ್ರೋಟೀನು, ಕ್ಯಾಲ್ಸಿಯಂ ಬೆಂದ ಸೊಪ್ಪಿನಲ್ಲೂ ಉಳಿಯುತ್ತವೆ, ಹಸಿ ಎಲೆಯನ್ನು ಮಿಕ್ಸಿಯಲ್ಲಿ ರುಬ್ಬಿ ತಕ್ಷಣ ಕುಡಿಯುವುದೆಂದರೆ ಲಿನಮಾರಿನ್ ಒಡೆದು ಸಯನೈಡ್ ಬಿಡುವ ಹೊತ್ತಿನಲ್ಲೇ ಅದನ್ನು ಹೊಟ್ಟೆಗೆ ಇಳಿಸುವುದು.

ಅರಿವು ಕೆಲಸದಲ್ಲಿದೆ ಎಂದು ಒಪ್ಪಿದರೆ ಅದರ ಒಡೆತನದ ಪ್ರಶ್ನೆಯೂ ಬದಲಾಗುತ್ತದೆ. 1998ರಲ್ಲಿ ಚಿಯಾಪಾಸ್‌ನ ಮಾಯಾ ಸಮುದಾಯಗಳ ನಡುವೆ ಅಮೆರಿಕದ ಸರ್ಕಾರಿ ನೆರವಿನ ದೊಡ್ಡ ಔಷಧ ಸಸ್ಯ ಸಂಶೋಧನಾ ಯೋಜನೆಯೊಂದು ಆರಂಭವಾಯಿತು. ಸಾಂಪ್ರದಾಯಿಕ ವೈದ್ಯರ ಮತ್ತು ಸೂಲಗಿತ್ತಿಯರ ಸಂಘಟನೆಗಳು ಅದನ್ನು ವಿರೋಧಿಸಿದವು; ಒಪ್ಪಿಗೆ ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಬಗೆಹರಿಯದೆ 2001ರಲ್ಲಿ ಯೋಜನೆ ನಿಂತಿತು. ಸಂಶೋಧಕರಲ್ಲಿ ಪ್ರಾಮಾಣಿಕರೂ ಇದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಗಿಡದ ಮಾದರಿಯನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸಬಹುದು, ಅದಕ್ಕೆ ಲಾಭದ ಪಾಲನ್ನೂ ಲೆಕ್ಕ ಹಾಕಬಹುದು. ಸಾವಿರಾರು ಮನೆಗಳಲ್ಲಿ ಹಂಚಿಹೋಗಿರುವ ಕೆಲಸದ ಅರಿವಿಗೆ ಒಬ್ಬ ಸಹಿದಾರನನ್ನು ಹುಡುಕುವುದು ಹೇಗೆ? ಜೈವಿಕ ಸಂಪನ್ಮೂಲಗಳ ಬಳಕೆ ಕುರಿತು 2014ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಗೋಯಾ ಒಪ್ಪಂದ ಮುಂಚಿತ ಒಪ್ಪಿಗೆ ಮತ್ತು ಲಾಭ ಹಂಚಿಕೆಯನ್ನು ಕಡ್ಡಾಯ ಮಾಡುವ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ಆದರೂ ಅದು ಒಂದು ಬೀದಿಯ ಹೆಂಗಸರ ಕೈಗುಣವನ್ನು ಹೇಗೆ ಅಳೆಯಬೇಕೆಂದು ಹೇಳಲಾರದು.

ಚಾಯಾ ಈಗ ನಮ್ಮಲ್ಲಿಗೂ ಬಂದಿದೆ. ಕೇರಳದ ಹಿತ್ತಿಲುಗಳಲ್ಲಿ ಚಾಯಾಮಾನ್ಸಾ ಎಂಬ ಹೆಸರಿನಲ್ಲೇ ಜನಪ್ರಿಯವಾಗಿ, ಕರ್ನಾಟಕದ ತಾರಸಿ ತೋಟ, ಕೈತೋಟಗಳಿಗೂ ಗೆಲ್ಲಿನ ರೂಪದಲ್ಲಿ ದಾಟಿದೆ. ಗಿಡ ಒಳ್ಳೆಯದು, ಬರಲಿ. ಕೆಸುವಿನ ಎಲೆಗೆ ಹುಳಿ ಹಾಕದೆ ಪತ್ರೊಡೆ ಮಾಡದ, ಮರಗೆಣಸು ಬೇಯಿಸಿದ ನೀರನ್ನು ಬಸಿದು ಚೆಲ್ಲುವ ನಾಡಿಗೆ ಚಾಯಾದ ಕ್ರಮ ಕಲಿಯುವುದು ಕಷ್ಟವಾಗದು. ಗೆಲ್ಲು ಕೊಡುವವರು ಅದರ ಜೊತೆ ಐದು ಮಾತನ್ನೂ ಕೊಡಲಿ: ಕೈ ಮುಚ್ಚಿಕೊಂಡು ಕೊಯ್ಯಿರಿ, ಹೆಚ್ಚಿರಿ, ತೆರೆದ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಕುದಿಸಿರಿ, ನೀರು ಬಸಿಯಿರಿ, ಹಸಿಯಾಗಿ ರುಬ್ಬಿ ಕುಡಿಯಬೇಡಿ. ಇನ್ನೊಂದು ಮನವಿ ನಮ್ಮ ಊರುಗಳ ಸಸ್ಯಬಳಕೆಯನ್ನು ದಾಖಲಿಸುತ್ತಿರುವವರಿಗೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಗಳು ಸಿದ್ಧವಾಗುತ್ತಿವೆ. ಅವುಗಳಲ್ಲಿ ಗಿಡದ ಹೆಸರು, ಉಪಯೋಗ ಎಂಬ ಎರಡು ಅಂಕಣಗಳನ್ನಷ್ಟೇ ತುಂಬಿ ಮುಂದಕ್ಕೆ ಹೋಗಬೇಡಿ. ಅಡುಗೆಮನೆಯ ಬಾಗಿಲವರೆಗೆ ಹೋಗಿ, ಆ ಮನೆಯ ಹಿರಿಯ ಹೆಂಗಸು ಎಲೆಯನ್ನು ಏನು ಮಾಡುತ್ತಾರೆಂದು ಮೊದಲಿನಿಂದ ಕೊನೆಯವರೆಗೆ ನೋಡಿ, ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿ.